ಕೊಬ್ಬಿನ ಗುಟ್ಟು ಬಿಡಿಸಿದ ಶತಾಯುಷಿ ಷೆವ್ರಲ್

ದೇವದುರ್ಗ, ಮಾನ್ವಿಯಿಂದ ರಾಯಚೂರಿಗೆ ಬಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವವರ ವರದಿಯಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಂಬ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಈ ಮೂರನ್ನೂ ಅರಿಯಲು ದಾರಿ ಮಾಡಿಕೊಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಷೆವ್ರಲ್.

1786ರ ಆಗಸ್ಟ್ 31ರಂದು ಆಂಜೇ ಪಟ್ಟಣದ ವೈದ್ಯ ಕುಟುಂಬದಲ್ಲಿ ಜನಿಸಿದ ಆತನ ಬಾಲ್ಯ ಕಳೆದದ್ದು ಫ್ರೆಂಚ್ ಕ್ರಾಂತಿಯ ರಕ್ತಪಾತದ ನಡುವೆ. 17ರ ವಯಸ್ಸಿಗೆ ಪ್ಯಾರಿಸ್ ಸೇರಿ ರಸಾಯನಶಾಸ್ತ್ರ ಕಲಿತ. 1811ರಲ್ಲಿ ಹಂದಿಯ ಕೊಬ್ಬಿನಿಂದ ತಯಾರಿಸಿದ ಸಾಬೂನೊಂದು ಪರೀಕ್ಷೆಗೆ ಬಂದದ್ದೇ ನೆಪವಾಗಿ, ಮುಂದಿನ 12 ವರ್ಷ ಕೊಬ್ಬಿನ ಬೆನ್ನು ಹತ್ತಿದ. ಕೊಬ್ಬು ಒಂದೇ ವಸ್ತುವಲ್ಲ, ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳ ಕೂಡಿಕೆ ಎಂಬುದನ್ನು 1823ರ ಗ್ರಂಥದಲ್ಲಿ ವಿವರಿಸಿದ. ಇಂದಿನ ಟ್ರೈಗ್ಲಿಸರೈಡ್ ಇದೇ. ಪಿತ್ತಕೋಶದ ಕಲ್ಲಿನಲ್ಲಿದ್ದ, ಸಾಬೂನಾಗಲು ಒಪ್ಪದ ಜಿಡ್ಡಿಗೆ ಕೊಲೆಸ್ಟರೀನ್ ಎಂದು ಹೆಸರಿಟ್ಟ. ಮಧುಮೇಹಿಗಳ ಮೂತ್ರದಲ್ಲಿರುವುದು ದ್ರಾಕ್ಷಿಯ ಸಕ್ಕರೆಯೇ ಎಂದು 1815ರಲ್ಲಿ ತೋರಿಸಿದ.

ಮೂರನ್ನೂ ಬಿಡಿಬಿಡಿಯಾಗಿ ಕಂಡವನಿಗೆ ಅವುಗಳ ಒಳನಂಟು ತಿಳಿಯಲಿಲ್ಲ. ಅದು 20ನೇ ಶತಮಾನದ ಶೋಧ. ಮಧುಮೇಹ, ಬೊಜ್ಜು ಇದ್ದವರ ಯಕೃತ್ತು ಟ್ರೈಗ್ಲಿಸರೈಡ್ ತುಂಬಿದ ಕಣಗಳನ್ನು ರಕ್ತಕ್ಕೆ ಹೆಚ್ಚಾಗಿ ಬಿಡುತ್ತದೆ. ಸಿಇಟಿಪಿ ಎಂಬ ಪ್ರೋಟೀನು ಆ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್ ಕಣಕ್ಕೆ ಸಾಗಿಸಿ, ಬದಲಿಗೆ ಅಲ್ಲಿನ ಕೊಲೆಸ್ಟ್ರಾಲನ್ನು ಹೊರಗೊಯ್ಯುತ್ತದೆ. ಹೀಗೆ ಉಬ್ಬಿದ ಎಚ್‌ಡಿಎಲ್ ಅನ್ನು ಯಕೃತ್ತಿನ ಲೈಪೇಸ್ ಕಿಣ್ವ ಕರಗಿಸಿ ಕಿರಿದಾಗಿಸುತ್ತದೆ. ಆಗ ಅದರ ಮುಖ್ಯ ಪ್ರೋಟೀನು ಕಳಚಿಕೊಂಡು ಮೂತ್ರಪಿಂಡದ ಮೂಲಕ ಬೇಗ ವಿಲೇವಾರಿಯಾಗುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎಂದು ಹೆಸರಾದ ಎಚ್‌ಡಿಎಲ್ ಇಂಥವರಲ್ಲಿ ಇಳಿಯುವುದು ಮುಖ್ಯವಾಗಿ ಈ ಕಾರಣಕ್ಕೆ. ತಯಾರಿಕೆಗಿಂತ ಸೋರಿಕೆಯೇ ಹೆಚ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 4 ಪ್ರದೇಶಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 72 ಮಂದಿಯ ಎಚ್‌ಡಿಎಲ್ ಕಡಿಮೆಯಿತ್ತು. ಸಿಇಟಿಪಿಯನ್ನೇ ತಡೆಯುವ ಟಾರ್ಸೆಟ್ರಾಪಿಬ್ ಮಾತ್ರೆ ಎಚ್‌ಡಿಎಲ್ ಏರಿಸಿತಾದರೂ, ಸಾವುಗಳು ಹೆಚ್ಚಿದ್ದರಿಂದ 2006ರಲ್ಲಿ ಅದರ ಪರೀಕ್ಷೆ ನಿಂತಿತು. ಹಾಗಾಗಿ ವೈದ್ಯರು ಮೊದಲು ನೋಡುವುದು ಊಟದ ತಟ್ಟೆಯನ್ನು. ಎಡದಂಡೆ ಕಾಲುವೆಯ ಮಾನ್ವಿಯಲ್ಲಾಗಲಿ ಬಲದಂಡೆ ಕಾಲುವೆಯ ದೇವದುರ್ಗದಲ್ಲಾಗಲಿ ಭತ್ತಕ್ಕೆ ಬರವಿಲ್ಲ. ಅನ್ನ, ಸಿಹಿ, ಮದ್ಯ ಮಿತಿಮೀರಿದರೆ ಟ್ರೈಗ್ಲಿಸರೈಡ್ ಏರುತ್ತದೆ; ನಡಿಗೆಯಿಂದ, ತೂಕ ಇಳಿಸುವುದರಿಂದ ತಗ್ಗುತ್ತದೆ.

ಷೆವ್ರಲ್ ಕೊಬ್ಬಿಗಷ್ಟೇ ಅಂಟಿಕೊಂಡವನಲ್ಲ. 1825ರಲ್ಲಿ ಗೇಲೂಸಾಕ್ ಜೊತೆ ಕೊಬ್ಬಿನಾಮ್ಲದ ಮೇಣದಬತ್ತಿಗೆ ಪೇಟೆಂಟ್ ಪಡೆದ. ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದ ಮುಖ್ಯಸ್ಥನಾಗಿ, ಪಕ್ಕಪಕ್ಕದ ಬಣ್ಣಗಳು ಕಣ್ಣಿಗೆ ಬೇರೆಯಾಗಿ ತೋರುವ ಬಗೆಯನ್ನು ಕುರಿತು 1839ರಲ್ಲಿ ಬರೆದ ಪುಸ್ತಕ ಚಿತ್ರಕಾರರಿಗೂ ಪಾಠವಾಯಿತು. 1886ರಲ್ಲಿ ಆತನ ನೂರನೆಯ ಹುಟ್ಟುಹಬ್ಬವನ್ನು ಫ್ರಾನ್ಸ್ ಸಂಭ್ರಮದಿಂದ ಆಚರಿಸಿತು. 1889ರ ಏಪ್ರಿಲ್ 9ರಂದು, 102ನೇ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ನಿಧನನಾದ. ಅದೇ ವರ್ಷ ತೆರೆದ ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಆತನದೂ ಇದೆ.