ಕಂಪ್ಯೂಟರ್ ಇಲ್ಲದೆ ಪ್ರೋಗ್ರಾಂ ಬರೆದ ಏಡಾ

ಮಕ್ಕಳೇ, ಕಂಪ್ಯೂಟರ್ ಮುಟ್ಟದೆಯೇ ಪ್ರೋಗ್ರಾಂ ಬರೆಯಬಹುದೇ? ಏಡಾ ಲವ್‌ಲೇಸ್ ಬರೆದರು!

ಏಡಾ 1815ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಜನಿಸಿದರು. 1833ರಲ್ಲಿ, 17ನೇ ವಯಸ್ಸಿನಲ್ಲಿ, ಚಾರ್ಲ್ಸ್ ಬ್ಯಾಬೇಜ್ ರೂಪಿಸಿದ್ದ ಲೆಕ್ಕ ಮಾಡುವ ಯಂತ್ರದ ಒಂದು ಭಾಗವನ್ನು ನೋಡಿದರು. ಅದನ್ನು ಪೂರ್ತಿ ಅರಿಯಲು ಹೆಚ್ಚಿನ ಗಣಿತ ಬೇಕಿತ್ತು. ಆದರೆ ಆಗ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ.

1840ರಲ್ಲಿ ಅಗಸ್ಟಸ್ ಡಿ ಮಾರ್ಗನ್ ಅವರಿಗೆ ಗುರುವಾದರು. ಈ ಗಣಿತಜ್ಞ ಹುಟ್ಟಿದ್ದು ನಮ್ಮ ದೇಶದ ಮದುರೆಯಲ್ಲಿ! ಗುರುಗಳು ಬರೆದ ಪುಸ್ತಕಗಳನ್ನು ಏಡಾ ಓದಿದರು, ಲೆಕ್ಕಗಳನ್ನು ತಾವೇ ಬಿಡಿಸಿದರು, ತಿಳಿಯದ್ದನ್ನು ಪತ್ರ ಬರೆದು ಕೇಳಿದರು.

ಬ್ಯಾಬೇಜರ ಹೊಸ ಯಂತ್ರದ ಬಗ್ಗೆ ಫ್ರೆಂಚ್ ಭಾಷೆಯಲ್ಲಿದ್ದ ಲೇಖನವೊಂದನ್ನು 1843ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಅವರು ಸೇರಿಸಿದ ಟಿಪ್ಪಣಿಗಳು ಮೂಲ ಲೇಖನದ ಸುಮಾರು ಮೂರು ಪಟ್ಟು ಇದ್ದವು! ಯಂತ್ರವು ಯಾವ ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬ ಕೋಷ್ಟಕವೂ ಅಲ್ಲಿತ್ತು. ಅದನ್ನೇ ಅನೇಕರು ಜಗತ್ತಿನ ಮೊದಲ ಕಂಪ್ಯೂಟರ್ ಪ್ರೋಗ್ರಾಂ ಎನ್ನುತ್ತಾರೆ. ಆ ಯಂತ್ರವನ್ನು ಕಟ್ಟಿ ಮುಗಿಸಲಾಗಲೇ ಇಲ್ಲ. 1852ರಲ್ಲಿ, 36ನೇ ವಯಸ್ಸಿನಲ್ಲಿ, ಏಡಾ ತೀರಿಕೊಂಡರು. ಇಂದು ಒಂದು ಪ್ರೋಗ್ರಾಮಿಂಗ್ ಭಾಷೆಗೆ ಅವರದೇ ಹೆಸರಿದೆ.

ಪ್ರೋಗ್ರಾಮಿಂಗ್ ಕಲಿಯಲು ನೀವು ಪುಸ್ತಕ ಆರಿಸುವಾಗ ಎರಡು ವಿಷಯ ನೋಡಿ. ನಾವೇ ಮಾಡಿ ನೋಡಲು ಅದರಲ್ಲಿ ಅಭ್ಯಾಸಗಳಿವೆಯೇ? ಅರ್ಥವಾಗದಿದ್ದರೆ ಕೇಳಲು ಯಾರಾದರೂ ಇದ್ದಾರೆಯೇ? ಇವೆರಡೂ ಇದ್ದರೆ ಮೊದಲಿಗೆ ಒಂದೇ ಪುಸ್ತಕ ಸಾಕು.

ಮಾಡಿ ನೋಡಿ: ಹೆಬ್ಬೂರಿನಲ್ಲಿರಲಿ, ಲಂಡನ್ನಿನಲ್ಲಿರಲಿ, ಇದಕ್ಕೆ ಪೆನ್ಸಿಲ್ ಸಾಕು. 12 ಮತ್ತು 18ರ ಮ.ಸಾ.ಅ. ಕಂಡುಹಿಡಿಯುವ ಹಂತಗಳನ್ನು ಬರೆಯಿರಿ. ಅದನ್ನಷ್ಟೇ ಓದಿ ನಿಮ್ಮ ಗೆಳತಿಗೆ 6 ಬಂದರೆ, ನಿಮ್ಮ ಪ್ರೋಗ್ರಾಂ ಸರಿ!