ವಿದ್ಯಾದಾನಿ ಶ್ರೇಷ್ಠಿ ಪ್ರೇಮಚಂದ ರಾಯಚಂದರು

ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು ಮತ್ತು ದಾನ ಎಂಬ ಆರು ಕರ್ತವ್ಯಗಳನ್ನು ಶ್ರಾವಕನು ನಿತ್ಯವೂ ಆಚರಿಸಬೇಕೆಂದು ಜಿನಾಗಮವು ವಿಧಿಸುತ್ತದೆ. ಅವುಗಳಲ್ಲಿ ಕೊನೆಯದಾದ ದಾನವು ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನಗಳೆಂದು ನಾಲ್ಕು ಬಗೆಯಾಗಿದೆ. ಹಸಿದವನಿಗೆ ನೀಡಿದ ಆಹಾರವು ಅಂದಿನ ಹಸಿವನ್ನು ನೀಗುತ್ತದೆ. ಔಷಧವು ಬಂದ ರೋಗವನ್ನು ಪರಿಹರಿಸುತ್ತದೆ. ಶಾಸ್ತ್ರದಾನದ ಫಲವಾದರೋ ಪಡೆದವನಲ್ಲಿಯೇ ನಿಲ್ಲದೆ ಅವನಿಂದ ಮತ್ತೊಬ್ಬರಿಗೆ, ಅವರಿಂದ ಮುಂದಿನ ಪೀಳಿಗೆಗೆ ಹರಿಯುತ್ತಾ ಹೋಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ಕನ್ನಡ ನಾಡಿನ ಜೈನರೆಲ್ಲರೂ ಬಲ್ಲರು. ಅಂದು ತಾಳೆಗರಿಯಲ್ಲಿದ್ದ ಜ್ಞಾನವು ಹತ್ತೊಂಬತ್ತನೆಯ ಶತಮಾನಕ್ಕೆ ಬರುವಷ್ಟರಲ್ಲಿ ಮುದ್ರಿತ ಗ್ರಂಥ, ಗ್ರಂಥಾಲಯ, ವಿಶ್ವವಿದ್ಯಾನಿಲಯಗಳ ರೂಪವನ್ನು ತಾಳಿತ್ತು. ಆ ಹೊಸ ಕಾಲಕ್ಕೆ ತಕ್ಕ ಶಾಸ್ತ್ರದಾನ ಯಾವುದೆಂಬುದನ್ನು ತನ್ನ ಕೃತಿಯಿಂದ ತೋರಿಸಿಕೊಟ್ಟ ಜೈನ ವರ್ತಕರೇ ಮುಂಬಯಿಯ ಶ್ರೇಷ್ಠಿ ಪ್ರೇಮಚಂದ ರಾಯಚಂದರು.

ಜನನ ಮತ್ತು ಉದ್ಯೋಗ

ಪ್ರೇಮಚಂದರು 1831ರಲ್ಲಿ ಗುಜರಾತಿನ ಸೂರತ್ ಪಟ್ಟಣದಲ್ಲಿ ಜೈನ ವಣಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಯಚಂದ ದೀಪಚಂದರು, ತಾಯಿ ರಾಜಾಬಾಯಿ. ಒಂದು ಕಾಲಕ್ಕೆ ಪಶ್ಚಿಮ ಕರಾವಳಿಯ ಹಿರಿಯ ಬಂದರಾಗಿದ್ದ ಸೂರತ್ತಿನ ವೈಭವವು ಆಗ ಇಳಿಮುಖವಾಗಿದ್ದು, ವ್ಯಾಪಾರವೆಲ್ಲವೂ ಮುಂಬಯಿಗೆ ಸಾಗುತ್ತಿತ್ತು. ರಾಯಚಂದರೂ ಸಂಸಾರಸಮೇತರಾಗಿ ಮುಂಬಯಿಗೆ ಬಂದು ನೆಲೆಸಿದರು. ಅಲ್ಲಿ ಬಾಲಕ ಪ್ರೇಮಚಂದರಿಗೆ ಇಂಗ್ಲಿಷ್ ವಿದ್ಯೆ ದೊರೆಯಿತು. ಅವರ ಮುಂದಿನ ಭಾಗ್ಯಕ್ಕೆಲ್ಲ ಬುನಾದಿಯಾದುದು ಈ ವಿದ್ಯೆಯೇ.

ಯೌವನದ ಆರಂಭದಲ್ಲಿಯೇ ಅವರು ದಲ್ಲಾಳಿಯೊಬ್ಬರಲ್ಲಿ ಸಹಾಯಕರಾಗಿ ಸೇರಿದರು. ಅಂದಿನ ದೇಶೀಯ ದಲ್ಲಾಳಿಗಳು ವ್ಯವಹಾರದಲ್ಲಿ ನಿಪುಣರಾಗಿದ್ದರೂ ಐರೋಪ್ಯ ಬ್ಯಾಂಕುಗಳ ಅಧಿಕಾರಿಗಳೊಡನೆ ಮಾತನಾಡಲು ದುಭಾಷಿಗಳನ್ನು ಆಶ್ರಯಿಸಬೇಕಾಗಿತ್ತು. ಇಂಗ್ಲಿಷನ್ನು ಓದಿ, ಬರೆದು, ಮಾತನಾಡಬಲ್ಲ ಮೊದಲ ದೇಶೀಯ ದಲ್ಲಾಳಿಯೆಂಬ ಹೆಸರು ಪ್ರೇಮಚಂದರದು. ಲಿವರ್‌ಪೂಲಿನ ಹತ್ತಿಯ ಧಾರಣೆಯು ಅಂಚೆಯ ಹಡಗಿನಲ್ಲಿ ಬರುತ್ತಿದ್ದ ಆ ದಿನಗಳಲ್ಲಿ, ಹಡಗು ದಡ ಸೇರುವ ಮೊದಲೇ ಅವರು ಸಮುದ್ರಕ್ಕೆ ದೋಣಿಗಳನ್ನು ಕಳುಹಿಸಿ ಸುದ್ದಿಯನ್ನು ತರಿಸಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ವ್ಯಾಪಾರದಲ್ಲಿ ಸುದ್ದಿಯೂ ಒಂದು ಬಂಡವಾಳವೆಂಬುದನ್ನು ಅವರು ಎಳೆಯ ವಯಸ್ಸಿನಲ್ಲಿಯೇ ಅರಿತಿದ್ದರು.

ಹತ್ತಿಯ ಕಾಲ

1861ರಲ್ಲಿ ಅಮೆರಿಕಾ ದೇಶದಲ್ಲಿ ಅಂತರ್ಯುದ್ಧವು ಆರಂಭವಾಯಿತು. ಉತ್ತರ ರಾಜ್ಯಗಳ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ದಿಗ್ಬಂಧಿಸಿದುದರಿಂದ ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಿಗೆ ಅಮೆರಿಕಾದ ಹತ್ತಿ ನಿಂತುಹೋಯಿತು. ಗಿರಣಿಯ ಮಾಲೀಕರು ಭಾರತದ ಕಡೆಗೆ ತಿರುಗಿದರು. ಗುಜರಾತ್ ಮತ್ತು ಬೇರಾರಿನ ಹತ್ತಿಯಂತೆಯೇ ಧಾರವಾಡ ಸೀಮೆಯ ಹತ್ತಿಗೂ ಹಿಂದೆಂದೂ ಕಾಣದ ಬೆಲೆ ಬಂದಿತು. ಧಾರವಾಡದ ಕಪ್ಪು ನೆಲದಲ್ಲಿ 1840ರ ದಶಕದಿಂದ ಬೆಳೆಯುತ್ತಿದ್ದ ಅಮೆರಿಕಾ ತಳಿಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು, ಕುಮಟಾ ಬಂದರಿನಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಹೀಗೆ ಮುಂಬಯಿಯ ಆ ಸಿರಿಯಲ್ಲಿ ಕನ್ನಡ ನಾಡಿನ ರೈತನ ಬೆವರೂ ಸೇರಿತ್ತು. ಯುದ್ಧದ ಈ ವರ್ಷಗಳಲ್ಲಿ ಎಂದಿನ ಆದಾಯಕ್ಕಿಂತ 8 ಕೋಟಿ ಪೌಂಡಿಗೂ ಮೀರಿದ ಹಣವು ಮುಂಬಯಿಗೆ ಹರಿದು ಬಂದಿತೆಂಬುದು ಅಂದಿನವರ ಲೆಕ್ಕ.

ಹಣ ಬಂದಂತೆ ಆಶೆಯೂ ಬೆಳೆಯಿತು. ಹೊಸ ಬ್ಯಾಂಕುಗಳು, ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳು ದಿನಕ್ಕೊಂದರಂತೆ ಹುಟ್ಟಿಕೊಂಡವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000 ರೂಪಾಯಿಗಳ ಸಮೀಪಕ್ಕೆ ಏರಿತು. ಈ ವ್ಯವಹಾರಗಳ ನಡುನಾಯಕರಾಗಿದ್ದವರು ಪ್ರೇಮಚಂದರು. ಅವರ ಕೈಯ ಚೀಟಿಯೊಂದಿದ್ದರೆ ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತಿತ್ತು. ಇನ್ನೂ ಮೂವತ್ತೈದು ತುಂಬದ ಆ ವರ್ತಕರ ಬಾಗಿಲಲ್ಲಿ ಸಿರಿವಂತರೂ ಅಧಿಕಾರಿಗಳೂ ಕಾದು ನಿಲ್ಲುತ್ತಿದ್ದರು.

ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ದಾನ

ಇದೇ ಪುಣ್ಯೋದಯದ ಕಾಲದಲ್ಲಿ ಅವರ ದೃಷ್ಟಿಯು ವಿದ್ಯೆಯ ಕಡೆಗೆ ಹರಿಯಿತು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಆಗ ತನ್ನದೆಂದು ಹೇಳಿಕೊಳ್ಳುವ ಭವ್ಯ ಕಟ್ಟಡವಿರಲಿಲ್ಲ. ಪ್ರೇಮಚಂದರು 1864ರ ಆಗಸ್ಟ್ ತಿಂಗಳಲ್ಲಿ ಗ್ರಂಥಾಲಯಕ್ಕಾಗಿ 2 ಲಕ್ಷ ರೂಪಾಯಿಗಳನ್ನು ಅರ್ಪಿಸಿದರು. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ, ದೊಡ್ಡ ಗಡಿಯಾರವೂ ಗಂಟೆಗಳೂ ಉಳ್ಳ ಗೋಪುರವೊಂದನ್ನು ಗ್ರಂಥಾಲಯದೊಡನೆ ಕಟ್ಟಿ ಅದಕ್ಕೆ ತಮ್ಮ ತಾಯಿಯ ಹೆಸರನ್ನಿಡಬೇಕೆಂದು ಕೋರಿ ಮತ್ತೆ 2 ಲಕ್ಷ ರೂಪಾಯಿಗಳನ್ನು ನೀಡಿದರು. ತಾವು ದುಡಿದ ಹಣಕ್ಕೆ ತಮ್ಮ ಹೆಸರನ್ನಲ್ಲದೆ ತಾಯಿಯ ಹೆಸರನ್ನು ಬಯಸಿದುದು ಆ ಪುತ್ರನ ವಿನಯಕ್ಕೆ ಸಾಕ್ಷಿಯಾಗಿದೆ.

ಈ ಗೋಪುರದ ಬಗ್ಗೆ ಬಾಯಿಂದ ಬಾಯಿಗೆ ಬಂದ ಒಂದು ಮಾತಿದೆ. ರಾಜಾಬಾಯಿಯವರು ವ್ರತನಿಷ್ಠ ಶ್ರಾವಿಕೆ. ಸೂರ್ಯಾಸ್ತದ ನಂತರ ಅವರು ಆಹಾರವನ್ನು ಮುಟ್ಟುತ್ತಿರಲಿಲ್ಲ. ವೃದ್ಧಾಪ್ಯದಲ್ಲಿ ಕಣ್ಣು ಕಾಣದಾದಾಗ ಹೊತ್ತನ್ನು ತಿಳಿಯುವುದಕ್ಕೆ ಮತ್ತೊಬ್ಬರನ್ನು ಕೇಳಬೇಕಾಯಿತು. ಆ ತಾಯಿಯು ಯಾರ ಹಂಗೂ ಇಲ್ಲದೆ ಗಂಟೆಯ ನಾದದಿಂದಲೇ ಹೊತ್ತನ್ನರಿತು ತಮ್ಮ ವ್ರತವನ್ನು ಪಾಲಿಸಲೆಂದು ಮಗನು ಗಡಿಯಾರದ ಗೋಪುರವನ್ನು ಬಯಸಿದನೆಂದು ಜನ ಹೇಳುತ್ತಾರೆ. ವಿದ್ಯಾರ್ಥಿಗಳ ಗ್ರಂಥಾಲಯದ ಮೇಲೆ ಅನಸ್ತಮಿತ ವ್ರತದ ನೆನಪೂ ನಿಂತಿದೆಯೆಂಬ ಭಾವನೆಯು ಜೈನರಿಗೆ ಪ್ರಿಯವಾದುದೇ ಸರಿ.

ಪ್ರಖ್ಯಾತ ಆಂಗ್ಲ ಶಿಲ್ಪಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟರು ಭಾರತಕ್ಕೆ ಬಾರದೆಯೇ ಇದರ ನಕ್ಷೆಯನ್ನು ಸಿದ್ಧಪಡಿಸಿದರು. 1869ರ ಮಾರ್ಚ್ 1ರಂದು ಶಂಕುಸ್ಥಾಪನೆಯಾಗಿ, 280 ಅಡಿ ಎತ್ತರದ ಗೋಪುರವು 1878ರ ನವೆಂಬರ್ ತಿಂಗಳಲ್ಲಿ ಪೂರ್ಣಗೊಂಡಿತು.

ಕುಸಿತ

1865ರ ಏಪ್ರಿಲ್ ತಿಂಗಳಲ್ಲಿ ಅಮೆರಿಕಾದ ಯುದ್ಧವು ಮುಗಿಯಿತು. ಹತ್ತಿಯ ಧಾರಣೆಯು ನೆಲ ಕಚ್ಚಿತು. ಷೇರುಗಳ ವಾಯಿದೆ ವ್ಯವಹಾರಗಳೆಲ್ಲ ಚುಕ್ತಾ ಆಗಬೇಕಾಗಿದ್ದ ದಿನ ಅದೇ ವರ್ಷದ ಜುಲೈ 1. ಅಂದು ಕೊಡಬೇಕಾದವರಲ್ಲಿ ಹಣವಿರಲಿಲ್ಲ. ಪಡೆಯಬೇಕಾದವರಿಗೆ ಕಾಗದವಲ್ಲದೆ ಬೇರೇನೂ ದಕ್ಕಲಿಲ್ಲ. ಹೆಸರಾಂತ ಮನೆತನಗಳು ಒಂದರ ಹಿಂದೆ ಒಂದು ದಿವಾಳಿಯಾದವು. ಪ್ರೇಮಚಂದರ ಅಪಾರ ಸಂಪತ್ತೂ ಕರಗಿಹೋಯಿತು. ಸರ್ಕಾರವೂ ಪಾಲುದಾರನಾಗಿದ್ದ ಬ್ಯಾಂಕ್ ಆಫ್ ಬಾಂಬೆ ಮುಳುಗಿತು. 1868ರಲ್ಲಿ ವಿಚಾರಣಾ ಆಯೋಗವು ಕುಳಿತಾಗ, ಸರಿಯಾದ ಭದ್ರತೆಯಿಲ್ಲದೆ ಬ್ಯಾಂಕು ಕೊಟ್ಟ ದೊಡ್ಡ ಸಾಲಗಳಲ್ಲಿ ಪ್ರೇಮಚಂದರ ಪ್ರಭಾವವು ಎಷ್ಟಿತ್ತೆಂಬುದು ಬಯಲಾಯಿತು. ಅವರನ್ನು ನಂಬಿ ಕೆಟ್ಟವರು ಬಹಳ ಮಂದಿ. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಈ ಭಾಗವನ್ನು ಮರೆಮಾಚುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. ಪರಿಗ್ರಹಕ್ಕೆ ಪರಿಮಾಣವಿರಬೇಕೆಂದು ಶ್ರಾವಕನಿಗೆ ಅಣುವ್ರತವನ್ನು ವಿಧಿಸಿರುವುದು ಏತಕ್ಕೆಂಬುದನ್ನು ಆ ಜುಲೈ ತಿಂಗಳು ಮುಂಬಯಿ ನಗರಕ್ಕೆಲ್ಲ ಕಲಿಸಿತು.

ಆದರೆ ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಪ್ರೇಮಚಂದರು ತಮ್ಮಲ್ಲಿ ಇಟ್ಟುಕೊಂಡುದು ಹೋಯಿತು. ವಿದ್ಯೆಗೆ ಕೊಟ್ಟುದು ಉಳಿಯಿತು. ಅವರ ಸಿರಿಯ ಕಾಲದ ಕಂಪನಿಗಳಲ್ಲಿ ಬಹುಪಾಲು ಹೆಸರಿಲ್ಲದಂತೆ ಅಳಿದುಹೋಗಿವೆ. ರಾಜಾಬಾಯಿ ಗೋಪುರವು 2018ರಲ್ಲಿ ಮುಂಬಯಿಯ ಸುತ್ತಣ ಕಟ್ಟಡಗಳೊಡನೆ ವಿಶ್ವ ಪರಂಪರೆಯ ತಾಣವೆಂಬ ಮಾನ್ಯತೆಯನ್ನು ಪಡೆಯಿತು.

ಕಲ್ಕತ್ತೆಯ ವಿದ್ಯಾರ್ಥಿವೇತನ

ಕಟ್ಟಡಕ್ಕಿಂತಲೂ ಹಿರಿದಾದ ಅವರ ಮತ್ತೊಂದು ದಾನವು ದೂರದ ಕಲ್ಕತ್ತೆಯಲ್ಲಿದೆ. ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಅವರು ನೀಡಿದ 2 ಲಕ್ಷ ರೂಪಾಯಿಗಳಿಂದ, ಮುಂಬಯಿಯ ಕುಸಿತದ ಮರುವರ್ಷವೇ ಆದ 1866ರಲ್ಲಿ, ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನವು ಸ್ಥಾಪಿತವಾಯಿತು. ಬಂಗಾಳವು ಅವರ ಜನ್ಮಭೂಮಿಯಲ್ಲ, ಬಂಗಾಳಿ ಅವರ ಮಾತೃಭಾಷೆಯಲ್ಲ. ಪಡೆಯುವವನು ಜೈನನಾಗಿರಬೇಕೆಂಬ ನಿಬಂಧನೆಯೂ ಇರಲಿಲ್ಲ. ಯೋಗ್ಯತೆಯೊಂದೇ ಅದಕ್ಕೆ ಬೇಕಾದ ಅರ್ಹತೆ.

ಇದರ ವ್ಯವಸ್ಥೆಯು ವರ್ತಕರ ಮನಸ್ಸಿಗೆ ಸುಲಭವಾಗಿ ಹೊಳೆಯುವಂಥದು. ದಾನದ ಮೂಲಧನವನ್ನು ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಿ, ಅದನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ವಿದ್ಯಾರ್ಥಿಗೆ ಕೊಡುವುದು. ಎಂ.ಎ. ಮುಗಿಸಿದ ಮೇಲೆ ಉದರಪೋಷಣೆಗಾಗಿ ಕೂಡಲೇ ಗುಮಾಸ್ತೆಗೋ ಬೇರೆ ನೌಕರಿಗೋ ಹೋಗಬೇಕಾಗಿದ್ದ ಪ್ರತಿಭಾವಂತನಿಗೆ ಕೆಲವು ವರ್ಷ ನಿಶ್ಚಿಂತೆಯಿಂದ ಮುಂದಿನ ವ್ಯಾಸಂಗವನ್ನು ಮಾಡಲು ಇದರಿಂದ ಅನುಕೂಲವಾಯಿತು. ಆರಂಭದಲ್ಲಿ ಕಠಿಣವಾದ ಪರೀಕ್ಷೆಯಿಂದ ಆಯ್ಕೆ ನಡೆಯುತ್ತಿತ್ತು. ಬರಬರುತ್ತಾ ಸ್ವತಂತ್ರ ಸಂಶೋಧನಾ ಪ್ರಬಂಧವು ಮುಖ್ಯವಾಯಿತು. ರೂಪಾಯಿಯ ಬೆಲೆ ಇಳಿದಂತೆ ವೇತನದ ಮೊತ್ತವು ಚಿಕ್ಕದಾಗಿ ಕಂಡರೂ ಅದರ ಗೌರವವು ಕುಗ್ಗಲಿಲ್ಲ. ಪಿ.ಆರ್.ಎಸ್. ಎಂಬ ಮೂರು ಅಕ್ಷರಗಳನ್ನು ವಿದ್ವಾಂಸರು ಪದವಿಯಂತೆಯೇ ತಮ್ಮ ಹೆಸರಿನ ಮುಂದೆ ಬರೆದುಕೊಂಡರು.

ಈ ವೇತನವನ್ನು ಪಡೆದವರಲ್ಲಿ ಕೆಲವರನ್ನಾದರೂ ಇಲ್ಲಿ ಸ್ಮರಿಸಬೇಕು. ಗಣಿತದಲ್ಲಿ ಅಸಾಧಾರಣ ಬುದ್ಧಿವಂತರಾಗಿದ್ದ ಆನಂದಮೋಹನ ಬೋಸರು ಇದರ ನೆರವಿನಿಂದ ಇಂಗ್ಲೆಂಡಿಗೆ ತೆರಳಿ, 1874ರಲ್ಲಿ ಕೇಂಬ್ರಿಜ್ಜಿನ ಮೊದಲ ಭಾರತೀಯ ರ‍್ಯಾಂಗ್ಲರ್ ಎನಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ 1879ರಲ್ಲಿ ಕಲ್ಕತ್ತೆಯಲ್ಲಿ ಸಿಟಿ ಸ್ಕೂಲನ್ನು ಸ್ಥಾಪಿಸಿದವರಲ್ಲಿ ಪ್ರಮುಖರಾಗಿದ್ದರು. 1898ರಲ್ಲಿ ಕಾಂಗ್ರೆಸ್ ಮಹಾಸಭೆಯ ಅಧ್ಯಕ್ಷರಾದರು. ಮೊಗಲರ ಇತಿಹಾಸವನ್ನು ಬರೆದು ಕೀರ್ತಿಶಾಲಿಗಳಾದ ಸರ್ ಜದುನಾಥ ಸರ್ಕಾರರಿಗೆ 1897ರಲ್ಲಿ ಈ ವೇತನವು ದೊರೆಯಿತು. ಔರಂಗಜೇಬನ ಕಾಲದ ಬಗೆಗಿನ ಅವರ ಜೀವಮಾನದ ಸಂಶೋಧನೆಯ ಆರಂಭದಲ್ಲಿ ಒಬ್ಬ ಜೈನ ಶ್ರಾವಕನ ಹಣದ ಆಸರೆಯಿತ್ತು. ಇತಿಹಾಸಕಾರ ರಮೇಶಚಂದ್ರ ಮಜುಮದಾರರೂ ಇದೇ ಸಾಲಿಗೆ ಸೇರಿದವರು.

ಇವರೆಲ್ಲರಲ್ಲಿಯೂ ಅಶುತೋಷ ಮುಖರ್ಜಿಯವರ ವೃತ್ತಾಂತವು ವಿಶೇಷವಾದುದು. 1886ರಲ್ಲಿ ಈ ವೇತನವನ್ನು ಪಡೆದ ಅವರು 1904ರಲ್ಲಿ ಹೈಕೋರ್ಟಿನ ನ್ಯಾಯಾಧೀಶರೂ, 1906ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ತಾವು ಪಡೆದ ಅವಕಾಶವನ್ನು ನೂರಾರು ತರುಣರಿಗೆ ಒದಗಿಸಲು ಅವರು ಸ್ನಾತಕೋತ್ತರ ವಿಭಾಗಗಳನ್ನೂ ವಿಜ್ಞಾನ ಕಾಲೇಜನ್ನೂ ಕಟ್ಟಿದರು. ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಸಿ.ವಿ. ರಾಮನ್ನರನ್ನು ಪ್ರಾಧ್ಯಾಪಕ ಪೀಠಕ್ಕೆ ಕರೆತಂದವರೂ ಅವರೇ. 1917ರಲ್ಲಿ ಆ ಪೀಠವನ್ನು ವಹಿಸಿಕೊಂಡ ರಾಮನ್ನರು 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಗಳಿಸಿ, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು. ಶಾಸ್ತ್ರದಾನವು ಒಬ್ಬರಿಂದೊಬ್ಬರಿಗೆ ಹರಿಯುವುದೆಂದರೆ ಹೀಗೆ.

ಕನ್ನಡ ನಾಡಿಗೆ ಸಂದ ಫಲ

ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪನೆಯಾಗುವವರೆಗೂ ಆ ಭಾಗದ ಪದವೀಧರರಿಗೆ ಮುಂಬಯಿ ವಿಶ್ವವಿದ್ಯಾನಿಲಯವೇ ಮಾತೃಸಂಸ್ಥೆ. ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ 1906ರಲ್ಲಿ, ಪ್ರೇಮಚಂದರು ತೀರಿಕೊಂಡ ವರ್ಷವೇ, ಜನಿಸಿದ ಡಾ. ಆ.ನೇ. ಉಪಾಧ್ಯೆಯವರು ಎಂ.ಎ. ಪದವಿಯನ್ನೂ 1939ರಲ್ಲಿ ಡಿ.ಲಿಟ್. ಪದವಿಯನ್ನೂ ಪಡೆದುದು ಇದೇ ವಿಶ್ವವಿದ್ಯಾನಿಲಯದಿಂದ. ಪ್ರಾಕೃತ ಗ್ರಂಥಗಳ ಸಂಪಾದನೆಯಲ್ಲಿ ಅವರು ಗಳಿಸಿದ ಕೀರ್ತಿಯು ಜೈನ ಸಮಾಜಕ್ಕೆ ತಿಳಿದುದೇ ಆಗಿದೆ.

ಉತ್ತರ ಜೀವನ

ಪತನದ ನಂತರವೂ ಪ್ರೇಮಚಂದರು ನಾಲ್ಕು ದಶಕಗಳ ಕಾಲ ಬದುಕಿದ್ದರು. ಊರನ್ನು ಬಿಟ್ಟು ಓಡದೆ, ಅದೇ ಮುಂಬಯಿಯಲ್ಲಿ, ಅದೇ ಜನರ ಮುಂದೆ ಮತ್ತೆ ವ್ಯಾಪಾರವನ್ನು ಆರಂಭಿಸಿ ಮೆಲ್ಲನೆ ಮನೆತನವನ್ನು ಎತ್ತಿ ನಿಲ್ಲಿಸಿದರು. 1875ರಲ್ಲಿ ರೂಪುಗೊಂಡ ದೇಶೀಯ ಷೇರು ದಲ್ಲಾಳಿಗಳ ಸಂಘದ ಸ್ಥಾಪಕರಲ್ಲಿ ಅವರ ಹೆಸರನ್ನೂ ಹೇಳುತ್ತಾರೆ. ಸೂರತ್ತಿನಲ್ಲಿ ತಂದೆಯ ಹೆಸರಿನ ಕನ್ಯಾಶಾಲೆ, ಅಹಮದಾಬಾದಿನಲ್ಲಿ ಅವರದೇ ಹೆಸರಿನ ಶಿಕ್ಷಕರ ತರಬೇತಿ ಕಾಲೇಜು ಅವರ ವಿದ್ಯಾಪ್ರೇಮದ ಇತರ ಕುರುಹುಗಳು. ಹಳೆಯ ಸಿರಿಯು ಮರಳಲಿಲ್ಲ. ಆದರೆ ಜನರ ಆದರವು ಮರಳಿತು. 1906ರ ಆಗಸ್ಟ್ 31ರಂದು ಅವರು ದೇಹತ್ಯಾಗ ಮಾಡಿದರು. ಅವರ ವೇತನದಿಂದ ಬೆಳೆದ ಅಶುತೋಷರು ಆ ವೇಳೆಗೆ ಉಪಕುಲಪತಿಗಳ ಪೀಠದಲ್ಲಿದ್ದರು.

ಉಪಸಂಹಾರ

ಬಸದಿಯ ಪ್ರತಿಷ್ಠೆಯು ಊರಿಗೆ ಮಂಗಳವನ್ನು ತರುತ್ತದೆ. ಪ್ರತಿಷ್ಠೆಯಾದ ಜಿನಬಿಂಬದ ಮುಂದೆ ನಿಂತು, ಅಲ್ಲಿನ ಶಾಸನವನ್ನು ಓದಿ, ಶಾಸ್ತ್ರವನ್ನು ಅರ್ಥಮಾಡಿಕೊಂಡು ಮುಂದಿನವರಿಗೆ ಹೇಳಬಲ್ಲ ಮಕ್ಕಳೂ ಊರಿಗೆ ಬೇಕು. ಕಾಲೇಜಿನ ಶುಲ್ಕಕ್ಕಾಗಿ, ವಸತಿಗಾಗಿ, ಪರಸ್ಥಳದಲ್ಲಿ ಉನ್ನತ ವ್ಯಾಸಂಗಕ್ಕಾಗಿ ಹಣವಿಲ್ಲದೆ ಓದನ್ನು ನಿಲ್ಲಿಸುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಎರಡು ಲಕ್ಷ ಕೊಡುವ ಶಕ್ತಿ ಎಲ್ಲರಿಗೂ ಇರಲಾರದು. ಹತ್ತು ಮನೆಗಳು ಸೇರಿ ಒಂದು ಮೂಲಧನವನ್ನು ಕೂಡಿಸಿ, ಅದನ್ನು ಮುಟ್ಟದೆ, ಅದರ ಬಡ್ಡಿಯಿಂದ ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನು ಮುಂದಕ್ಕೆ ಕಳುಹಿಸುವುದು ಸಾಧ್ಯವಿದೆ. ಆ ವಿದ್ಯಾರ್ಥಿಯೂ ಉದ್ಯೋಗಸ್ಥನಾದ ಮೇಲೆ ಆ ನಿಧಿಗೆ ತನ್ನ ಪಾಲನ್ನು ಸೇರಿಸಿದರೆ ಬೊಕ್ಕಸವು ಬತ್ತದು. ಪ್ರೇಮಚಂದರ ಏರಿಳಿತಗಳನ್ನು ಕಂಡ ವರ್ತಕನು ತನ್ನ ಲಾಭವು ಸ್ಥಿರವಾಗಿರುವಾಗಲೇ, ಉದಯದಲ್ಲಿರುವ ಪುಣ್ಯವು ಅಸ್ತಮಿಸುವ ಮೊದಲೇ, ವಿದ್ಯೆಯ ಪಾಲನ್ನು ಬೇರೆ ತೆಗೆದಿಡುವುದು ವಿವೇಕ. ಈ ಶುಭ ಸಂದರ್ಭದಲ್ಲಿ ಸಮಾಜದ ಹಿರಿಯರ ಮನಸ್ಸು ಆ ಕಡೆಗೆ ಹರಿಯಲಿ, ವಿದ್ಯಾರ್ಥಿಗಳಿಗೆ ಶ್ರೇಯಸ್ಸಾಗಲಿ.