ಮಕ್ಕಳ ಕೈಗೆ ಪ್ರಪಂಚ ಕೊಟ್ಟ ಕಾರಂತರು

ಕೋಟ ಶಿವರಾಮ ಕಾರಂತರು ಅಂದ ಕೂಡಲೇ ಅಂಗಡಿ ಕಟ್ಟೆಯಲ್ಲಿ ಕೂತವರಿಗೂ ನೆನಪಾಗುವುದು ಜ್ಞಾನಪೀಠ. ಇಲ್ಲವೇ ‘ಚೋಮನ ದುಡಿ’. ಹೆಚ್ಚೆಂದರೆ ಯಕ್ಷಗಾನ. ಆದರೆ ಈ ಮನುಷ್ಯ ತನ್ನ ಹರೆಯದ ಒಳ್ಳೆಯ ವರ್ಷಗಳನ್ನು ಸಣ್ಣ ಮಕ್ಕಳಿಗಾಗಿ ಸವೆಸಿದ್ದು ಎಷ್ಟು ಜನರಿಗೆ ಗೊತ್ತುಂಟು?

ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಸೇರಿದ್ದರು. ಗಾಂಧೀಜಿಯ ಅಸಹಕಾರದ ಕರೆ ಬಂದದ್ದೇ ತಡ, ಓದಿಗೆ ನಮಸ್ಕಾರ ಹೇಳಿ ಹೊರಬಿದ್ದರು. ಡಿಗ್ರಿ ಇಲ್ಲ, ಕೆಲಸ ಇಲ್ಲ. ಖಾದಿ, ಸ್ವದೇಶಿ ಅಂತ ಊರೂರು ಅಲೆದರು. ‘ವಸಂತ’ ಅನ್ನುವ ಮಾಸಪತ್ರಿಕೆ ನಡೆಸಿದರು. ನಾಟಕ ಆಡಿಸಿದರು. ಚಿತ್ರ, ಶಿಲ್ಪ ಎಲ್ಲಿದ್ದರೂ ಹೋಗಿ ನೋಡುವ ಹುಚ್ಚು ಬೇರೆ. ಅದರ ಫಲ 1930ರ ‘ಭಾರತೀಯ ಚಿತ್ರಕಲೆ’. ಕನ್ನಡದಲ್ಲಿ ಚಿತ್ರಕಲೆಯ ಬಗ್ಗೆ ಓದಬೇಕಾದರೆ ಪುಸ್ತಕವೇ ಸಿಗದಿದ್ದ ಕಾಲ ಅದು.

ಮುಂದೆ ಪುತ್ತೂರಿನಲ್ಲಿ ಬೀಡುಬಿಟ್ಟರು. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಬೆಂಬಲವಿತ್ತು. ಅಲ್ಲಿಯ ದಸರಾ ನಾಡಹಬ್ಬದಲ್ಲಿ ಕಾರಂತರದ್ದೇ ಓಡಾಟ. ಪರ್ಲಡ್ಕದ ಗುಡ್ಡದಲ್ಲಿ ‘ಬಾಲವನ’ ಕಟ್ಟಿದರು. ಬೆತ್ತ, ಬಾಯಿಪಾಠದ ಕಾಟ ಬೇಡ. ಮಗು ಹಾಡಲಿ, ಕುಣಿಯಲಿ, ಚಿತ್ರ ಬಿಡಿಸಲಿ, ಮರ ಹತ್ತಿ ಹಕ್ಕಿ ನೋಡಲಿ ಎಂಬ ಯೋಚನೆ. ಪರೀಕ್ಷೆ ಪಾಸಾಗುವುದೇ ವಿದ್ಯೆ ಅನ್ನುವ ಊರಿಗೆ ಇದೆಲ್ಲ ಹೇಗೆ ರುಚಿಸಬೇಕು? ಶಾಲೆ ಬಹುಕಾಲ ಬಾಳಲಿಲ್ಲ.

ಬೇರೆಯವರಾದರೆ ಕೈಚೆಲ್ಲಿ ಕೂರುತ್ತಿದ್ದರು. ಕಾರಂತರು ಪೆನ್ನು ಹಿಡಿದರು. ಶಾಲೆಗೆ ಮಕ್ಕಳು ಬಾರದಿದ್ದರೆ ಪುಸ್ತಕವೇ ಮಕ್ಕಳ ಮನೆಗೆ ಹೋಗಲಿ! 1936ರ ಹೊತ್ತಿಗೆ ‘ಬಾಲಪ್ರಪಂಚ’ ಹೊರಬಂತು. ಮೂರು ದಪ್ಪ ಸಂಪುಟ, ಬರೆದದ್ದು ಒಬ್ಬರೇ. ಕೋಟದ ಗದ್ದೆಯ ಅಂಚಿನಲ್ಲಿ ಆಡುವ ಹುಡುಗನಿಗೂ ದೂರದ ದೇಶಗಳ ಸಂಗತಿ ಕನ್ನಡದಲ್ಲೇ ಸಿಕ್ಕಿತು. ‘ಹುಲಿರಾಯ’, ‘ಮಂಗನ ಮದುವೆ’ಯಂಥ ಮಕ್ಕಳ ಪುಸ್ತಕಗಳನ್ನೂ ಬರೆದರು. ಅದೇ 1936ರಲ್ಲಿ ಜಾತಿಯ ಬೇಲಿ ದಾಟಿ ಲೀಲಾ ಅವರನ್ನು ಮದುವೆಯಾದರು.

ರಂಗದ ಮೇಲೂ ಅವರಿಗೆ ಬೇಲಿ ಇರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಬೌದ್ಧ ಕತೆಯನ್ನು ‘ಕಿಸಾ ಗೋತಮಿ’ ಅಂತ ಗೀತನಾಟಕ ಮಾಡಿದರು. ರಾಮಾಯಣ, ಭಾರತ ಕೇಳಿ ಬೆಳೆದ ಕರಾವಳಿಯವರ ಎದುರು ಬುದ್ಧನ ಕತೆ! 1950ರ ದಶಕದ ಆರಂಭದಲ್ಲಿ ಯುರೋಪಿಗೆ ಹೋಗಿ ಬಂದರು. ಅಲ್ಲಿ ಕಂಡದ್ದನ್ನು ‘ಅಪೂರ್ವ ಪಶ್ಚಿಮ’ದಲ್ಲಿ ಬರೆದಿಟ್ಟರು. 1959ರಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಅದೂ ಒಬ್ಬರದೇ ದುಡಿಮೆ.

ಪರದೇಶ ನೋಡಿದವರು ಊರಿನದ್ದನ್ನು ಮರೆತರೇ? ಇಲ್ಲ. ‘ಯಕ್ಷಗಾನ ಬಯಲಾಟ’ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜಿನ ಯಕ್ಷಗಾನ ಕೇಂದ್ರ ಶುರುವಾದಾಗ ಕು. ಶಿ. ಹರಿದಾಸ ಭಟ್ಟರ ಜತೆ ನಿಂತವರು ಇವರೇ. ಇಂದ್ರಾಳಿಯ ಆ ಕೇಂದ್ರದಲ್ಲಿ ಹುಡುಗರು ಇವತ್ತಿಗೂ ಹೆಜ್ಜೆ, ತಾಳ ಕಲಿಯುತ್ತಾರೆ.

ಚೆಂಡೆ ಮದ್ದಳೆಯ ಪಕ್ಕ ವಯಲಿನ್, ಸ್ಯಾಕ್ಸೊಫೋನ್ ಕೂರಿಸಿ ಕಾರಂತರು ಬ್ಯಾಲೆ ಮಾಡಿದಾಗ ಮಾತ್ರ ಊರಲ್ಲಿ ಗಲಾಟೆ. ಮಾತು ಕಿತ್ತುಹಾಕಿದರು, ಆಟ ಕೆಡಿಸಿದರು ಅಂತ ಬೈದವರು ಕಡಿಮೆಯೇನಲ್ಲ. ಅರ್ಥಗಾರಿಕೆಯ ಸವಿ ಉಂಡವರ ಸಿಟ್ಟಿನಲ್ಲೂ ನ್ಯಾಯ ಇತ್ತು ಅನ್ನಿ. ಕಾರಂತರು ಜಗ್ಗಲಿಲ್ಲ. ತಂಡ ಹೊರದೇಶಗಳಿಗೂ ಹೋಗಿ ಬಂತು.

1977ರಲ್ಲಿ ಜ್ಞಾನಪೀಠ ಬಂತು. ಅದಕ್ಕೆ ಮೊದಲೇ, ತುರ್ತುಪರಿಸ್ಥಿತಿ ಹೇರಿದ್ದಕ್ಕೆ ಸಿಟ್ಟಾಗಿ, ಪದ್ಮಭೂಷಣವನ್ನು ಸರ್ಕಾರಕ್ಕೇ ವಾಪಸು ಕೊಟ್ಟಿದ್ದರು. ಕೊನೆಗಾಲದಲ್ಲಿ ಸಾಲಿಗ್ರಾಮದಲ್ಲಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 95. ಪುತ್ತೂರಿನ ಬಾಲವನ ಈಗ ಸ್ಮಾರಕ.

ಸ್ಮಾರಕಕ್ಕೆ ಹಾರ ಹಾಕುವುದು ಸುಲಭ. ಅವರು ಮಾಡಿದ ಕೆಲಸ ಮುಂದುವರಿಸುವವರು ಯಾರು? ಪರೀಕ್ಷೆ ಹತ್ತಿರ ಬಂದರೆ ಮೊದಲು ಕತ್ತರಿ ಬೀಳುವುದು ಡ್ರಾಯಿಂಗ್ ಪೀರಿಯಡ್‌ಗೆ. ದೂರ ಹೋಗಬೇಕೆಂದೂ ಇಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಉಂಟು. 1586ರ ಚತುರ್ಮುಖ ಬಸದಿ ಉಂಟು. ಹತ್ತಿರದಲ್ಲೇ ಅತ್ತೂರಿನ ಇಗರ್ಜಿ. ಇತ್ತ ಕಾಪುವಿನ ಮಾರಿಗುಡಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಉಳಿಸಿಟ್ಟ ಹಳೇ ಮನೆಗಳ ಗ್ರಾಮ. ಎಲ್ಲವೂ ಬಸ್ಸಿನ ದಾರಿಯಲ್ಲೇ. ಗೊಮ್ಮಟನ ಮುಖ ಯಾಕೆ ಹಾಗೆ, ಇಗರ್ಜಿಯ ಕಿಟಕಿ ಯಾಕೆ ಹೀಗೆ ಅಂತ ಮಗು ಕೇಳಿದರೆ ಸುಮ್ಮನಿರು ಅನ್ನದೆ ಎರಡು ಮಾತು ಹೇಳುವ ಹಿರಿಯರು ಬೇಕು, ಅಷ್ಟೇ. ಪಕ್ಕದ ಮನೆಯವರ ದೇವರು, ಹಾಡು, ಚಿತ್ರ ಬೇರೆಯಾದರೂ ಚಂದ ಅನ್ನುವುದನ್ನು ಮಗು ಎಳವೆಯಲ್ಲೇ ಕಲಿತರೆ, ದೊಡ್ಡದಾದ ಮೇಲೆ ಯಾರೂ ಅದನ್ನು ಸುಲಭವಾಗಿ ಜಗಳಕ್ಕೆ ಎಳೆಯಲಾರರು.